ಅವ್ವನ ಬಿಸಿಲಿಗೆ ನಾಲ್ಕು ಪ್ಲಸ್

ಒಸಾಕಾದ ನಂಬಾ ಸ್ಟೇಷನ್ ಹತ್ತಿರದ ಔಷಧಿ ಅಂಗಡಿಯೊಂದರಲ್ಲಿ ಸನ್‌ಸ್ಕ್ರೀನಿಗೆ ಅಂತಲೇ ಒಂದು ಇಡೀ ಗೋಡೆ ಇತ್ತು. ನೀಲಿ ಟ್ಯೂಬು, ಚಿನ್ನದ ಬಣ್ಣದ ಬಾಟಲಿ, ಸ್ಪ್ರೇ, ಜೆಲ್, ಹಾಲಿನಂಥದ್ದು, ನೀರಿನಂಥದ್ದು. ಆಫೀಸಿನ ಕೆಲಸಕ್ಕೆ ಹತ್ತು ದಿನ ಹೋದವಳು ನಾನು. ಎರಡನೇ ದಿನವೇ ಆ ಗೋಡೆಯ ಮುಂದೆ ಮುಕ್ಕಾಲು ತಾಸು ನಿಂತಿದ್ದೆ. ಕೈಯಲ್ಲಿ ಫೋನು, ಫೋನಲ್ಲಿ ಅನುವಾದದ ಆ್ಯಪು. ಒಂದೊಂದೇ ಬಾಟಲಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರದ ಮೇಲೆ ಕ್ಯಾಮೆರಾ ಹಿಡಿದು, ಏನೇನು ಹಾಕಿದ್ದಾರೆ ಅಂತ ಓದಿದ್ದೇ ಓದಿದ್ದು. ಪಿಯುಸಿ ಕೆಮಿಸ್ಟ್ರಿಯನ್ನೂ ಇಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ಮೊದಲ ದಿನ ಮಾತ್ರ ಸೊಕ್ಕಿನಲ್ಲಿದ್ದೆ. ಬೀಳಗಿ ತಾಲ್ಲೂಕಿನ ಬಾಡಗಂಡಿಯ ಬಿಸಿಲುಂಡು ಬೆಳೆದವಳಿಗೆ ಜಪಾನಿನ ಮೇ ತಿಂಗಳ ಬಿಸಿಲು ಯಾವ ಲೆಕ್ಕ? ಆದರೆ ರಸ್ತೆಯಲ್ಲಿ ನೋಡಿದರೆ ಅಲ್ಲಿನ ಹೆಂಗಸರು ಛತ್ರಿ ಹಿಡಿದು, ಅಗಲ ಅಂಚಿನ ಟೋಪಿ ಹಾಕಿ, ಮೊಣಕೈ ದಾಟುವ ಕರೀ ತೋಳುಚೀಲ ಏರಿಸಿಕೊಂಡು ಆಫೀಸಿಗೆ ನಡೆದಿದ್ದರು. ನನಗೆ ನಗು ಬಂತು. ನಮ್ಮ ಕಡೆ ಕಬ್ಬಿನ ಹೊಲಕ್ಕೆ ಹೊರಟ ಹೆಂಗಸರ ವೇಷವೇ ಅದು! ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಅದರ ಮೇಲೆ ಸೆರಗು. ಇವರದು ಇಸ್ತ್ರಿ ಆಗಿತ್ತು, ಅಷ್ಟೇ ವ್ಯತ್ಯಾಸ.

ಆ ಗೋಡೆಯ ಮುಂದೆ ಕಲಿತದ್ದನ್ನು ಹೇಳಿಬಿಡ್ತೀನಿ, ಹೋಗುವವರಿಗೆ ಉಪಯೋಗ ಆದೀತು. ಎಸ್‌ಪಿಎಫ್ ಅನ್ನೋದು ಚರ್ಮ ಸುಡುವ ಯುವಿಬಿ ಕಿರಣಕ್ಕೆ ಸಂಬಂಧಪಟ್ಟದ್ದು. ಜಪಾನಿನಲ್ಲಿ 50+ ಗಿಂತ ಹೆಚ್ಚು ಬರೆಯುವಂತಿಲ್ಲ. 30ಕ್ಕೂ 50ಕ್ಕೂ ನಾವು ಅಂದುಕೊಂಡಷ್ಟು ಅಂತರವೂ ಇಲ್ಲ, ಒಂದು ಸುಮಾರು 97% ತಡೆದರೆ ಇನ್ನೊಂದು 98%. ಪಿಎ ಪಕ್ಕದ ಪ್ಲಸ್ಸುಗಳು ಯುವಿಎಗೆ. ಚರ್ಮ ಕಪ್ಪಾಗಿಸುವ, ಸುಕ್ಕುಗಟ್ಟಿಸುವ, ಕಿಟಕಿ ಗಾಜಿನಲ್ಲೂ ತೂರಿಬರುವ ಕಿರಣ ಅದು. ಈ ಪ್ಲಸ್ ಪದ್ಧತಿ ಶುರುವಾದದ್ದೇ ಜಪಾನಿನಲ್ಲಿ, 2013ರಲ್ಲಿ ನಾಲ್ಕನೇ ಪ್ಲಸ್ ಸೇರಿತು. ಮುಖ-ಕುತ್ತಿಗೆಗೆ ಎರಡು ಬೆರಳುದ್ದ ಹಚ್ಚಬೇಕು, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಬಟಾಣಿ ಕಾಳಿನಷ್ಟು ಹಚ್ಚಿಕೊಂಡರೆ 50 ಬರೆದದ್ದು ಬಾಟಲಿಯ ಮೇಲೇ ಉಳಿಯುತ್ತದೆ, ಮುಖಕ್ಕೆ ಬರುವುದಿಲ್ಲ.

ಬಿಯೋರೆ ಆಕ್ವಾ ರಿಚ್ ನೀರಿನ ಹಾಗೆ ಇಳಿಯಿತು, ಎರಡು ನಿಮಿಷದಲ್ಲಿ ಹಚ್ಚಿದ್ದೇ ಮರೆತುಹೋಯಿತು. ಚಿನ್ನದ ಬಾಟಲಿಯ ಅನೆಸ್ಸಾ ಗಿಲಗಿಲ ಅಂತ ಅಲ್ಲಾಡಿಸಿ ಹಚ್ಚಬೇಕು, ಬೆವರಿಗೆ ಜಗ್ಗಲ್ಲ, ಬೆಲೆಗೆ ನಾನು ಜಗ್ಗಿದೆ. ಲ್ಯಾವೆಂಡರ್ ಬಣ್ಣದ ‘ಟೋನ್ ಅಪ್’ ಒಂದಿತ್ತು, ಸ್ಕಿನ್ ಆಕ್ವಾದ್ದು. ಅದನ್ನು ಹಚ್ಚಿಕೊಂಡು ಹೋಟೆಲಿನ ಕನ್ನಡಿ ನೋಡಿದರೆ, ಈಗಷ್ಟೇ ವಿಭೂತಿ ಧರಿಸಿದ ಸ್ವಾಮಿಗಳು ಎದುರಿಗೆ! ನಮ್ಮ ಬಣ್ಣದವರು ಅದರ ತಂಟೆಗೆ ಹೋಗಬೇಡಿ.

ಇನ್ನು ತಲೆಯ ಕಥೆ. ಬೆಂಗಳೂರಿಗೆ ಬಂದಾಗಿನಿಂದ ನನಗೆ ಹೊಟ್ಟಿನ ಕಾಟ. ಊರಲ್ಲಿ ಐತವಾರ ಬಂತೆಂದರೆ ಅವ್ವ ಹರಳೆಣ್ಣೆ ಕಾಸಿ ನೆತ್ತಿಗೆ ತಟ್ಟಿ, ಸೀಗೆಕಾಯಿ ಹಚ್ಚಿ ಎರೆಯುತ್ತಿದ್ದಳು. ಅದೇ ನೆನಪಲ್ಲಿ ಇಲ್ಲೂ ರಾತ್ರಿಯೆಲ್ಲ ಎಣ್ಣೆ ಇಟ್ಟು ಮಲಗಿದರೆ ಹೊಟ್ಟು ಇಮ್ಮಡಿ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಅನ್ನೋ ಬೂಷ್ಟು ಬದುಕೋದೇ ಎಣ್ಣೆಯ ಮೇಲಂತೆ. ನಾನು ರಾತ್ರಿಯಿಡೀ ಅದಕ್ಕೆ ಊಟ ಬಡಿಸಿದ್ದೆ. ಜಪಾನಿನಲ್ಲಿ ಮೈಕೊನಜೋಲ್ ಇರುವ ಕೊಲಾಜ್ ಫುರುಫುರು ಶ್ಯಾಂಪೂ ಸಿಕ್ಕಿತು. ಒಳ್ಳೆಯದೇ. ಆದರೆ ಅದೇ ಜಾತಿಯ ಕೀಟೊಕೊನಜೋಲ್ ಶ್ಯಾಂಪೂ ನಮ್ಮ ಓಣಿಯ ಮೆಡಿಕಲ್ ಶಾಪಿನಲ್ಲೇ ಇತ್ತು ಅಂತ ವಾಪಸ್ ಬಂದಮೇಲೆ ತಿಳಿಯಿತು. ಅಪ್ಪನಿಗೆ ಮೆಂಥಾಲಿನ ಹೇರ್ ಟಾನಿಕ್ ಒಂದು. ಅವ್ವನಿಗೆ ಡೈಸೊ ಅಂಗಡಿಯಲ್ಲಿ 110 ಯೆನ್ನಿಗೆ ನೆತ್ತಿ ಉಜ್ಜುವ ಸಿಲಿಕೋನ್ ಬ್ರಷ್ಷು.

ಅವ್ವನಿಗೆ ನಿಜವಾಗಿ ತರಬೇಕೆಂದಿದ್ದದ್ದು ಸನ್‌ಸ್ಕ್ರೀನು. ಎರಡು ವರ್ಷದಿಂದ ಅವಳ ಎರಡೂ ಕೆನ್ನೆಯ ಮೇಲೆ ಬಂಗು ಹರಡಿದೆ. ವಿಡಿಯೋ ಕಾಲ್‌ನಲ್ಲಿ ಅವಳು ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೇ ಮಾತಾಡುತ್ತಾಳೆ. ಅದಕ್ಕೇ ಆರು ಟ್ಯೂಬು ಕೊಂಡೆ. 5,000 ಯೆನ್ ದಾಟಿದ್ದರಿಂದ ಪ್ರವಾಸಿಗರಿಗೆ 10% ತೆರಿಗೆ ಮಾಫಿ. ಖುಷಿಯಲ್ಲಿದ್ದರೆ, ಅಂಗಡಿಯ ಹುಡುಗಿ ಎಲ್ಲವನ್ನೂ ಪಾರದರ್ಶಕ ಚೀಲಕ್ಕೆ ಹಾಕಿ ಸೀಲ್ ಹೊಡೆದಳು. ಬಳಸಿ ಮುಗಿಯುವಂಥ ಸಾಮಾನು ತೆರಿಗೆ ಇಲ್ಲದೆ ಕೊಂಡರೆ ದೇಶ ಬಿಡುವ ತನಕ ಚೀಲ ಒಡೆಯುವಂತಿರಲಿಲ್ಲ. ನನ್ನದೂ ಅದರೊಳಗೇ ಇತ್ತು! ತೆರಿಗೆ ಕೊಟ್ಟು ಇನ್ನೊಂದು ಕೊಂಡೆ.

ಮೇ ಕೊನೆಯಲ್ಲಿ ಊರಿಗೆ ಹೋದೆ. ಪಡಸಾಲೆಯಲ್ಲಿ ಚೀಲ ಒಡೆದು ಹರಡಿದೆ. ಅಪ್ಪ ಟಾನಿಕ್ಕನ್ನು ಬೋಳುನೆತ್ತಿಗೆ ಸುರಿದುಕೊಂಡು “ತಲ್ಯಾಗ ಯಾರೋ ಫ್ಯಾನ್ ಹಚ್ಚಿದಂಗಾತು ನೋಡು” ಅಂದರು. ಅವ್ವ ನೀಲಿ ಟ್ಯೂಬನ್ನು ಮೂಸಿ ನೋಡಿದಳು.

“ಇದನ್ನ ಎಷ್ಟ ಹಚಗೋಬೇಕು?”

“ಎರಡು ಬೆರಳಷ್ಟು ಬೇ. ಎರಡ ತಾಸಿಗೊಮ್ಮಿ.”

“ಹೊಲದಾಗ ಎರಡ ತಾಸಿಗೊಮ್ಮಿ ಕೈ ತೊಳಕೊಂಡು ಇದನ್ನ ಹಚಗೋತ ಕುಂತ್ರ, ಕಸಾ ನಿಮ್ಮಪ್ಪ ತಗಿತಾರೇನ?”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ಮೂರು ಸಲ ಸರಿಯಾಗಿ ಹಚ್ಚಿದರೆ 50 ಗ್ರಾಮಿನ ಟ್ಯೂಬು ಹತ್ತು ದಿನಕ್ಕೆ ಖಾಲಿ. ಆರು ಟ್ಯೂಬು ಎರಡು ತಿಂಗಳಿಗೆ. ಆಮೇಲೆ? ಅದೂ ಬರೀ ಮುಖ-ಕುತ್ತಿಗೆಗೆ. ನಾನು ಓದಿದ ಅಷ್ಟೂ ಪ್ಲಸ್ಸುಗಳು ಎಸಿ ಆಫೀಸಿನಿಂದ ಮೆಟ್ರೋ ತನಕ ನಡೆಯುವವರ ಲೆಕ್ಕದವು.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಪೇಸ್ಟ್ ಹುಡುಕುತ್ತ ಬಚ್ಚಲ ಪಕ್ಕದ ಗೂಡಿಗೆ ಕೈ ಹಾಕಿದೆ. ಬುಡದಿಂದ ಸುತ್ತಿ ಸುತ್ತಿ ಹಿಂಡಿದ ಸಣ್ಣ ಟ್ಯೂಬೊಂದು ಸಿಕ್ಕಿತು. ಪೇಸ್ಟಲ್ಲ. ತಿರುಗಿಸಿದೆ. ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರ: ಹೈಡ್ರೊಕ್ವಿನೋನ್, ಟ್ರೆಟಿನೊಯಿನ್, ಮೊಮೆಟಾಸೋನ್. ಯಾವ ಆ್ಯಪೂ ಬೇಕಾಗಿರಲಿಲ್ಲ.

“ಇದ್ಯಾವಾಗಿಂದ ಹಚ್ಚಾಕತ್ತೀ ಬೇ?”

“ಹೋದ ವರ್ಷ ಪಂಚಮಿಯಿಂದ. ಬಾಜೂಕಿನಾಕಿ ಕೊಟ್ಟಿದ್ಲು, ಆಮ್ಯಾಲ ಮೆಡಿಕಲ್‌ನಾಗ ಇದ ಡಬ್ಬಿ ತೋರಿಸಿ ತರಸ್ತೇನಿ. ಮೊದಲ ಛಲೋ ಬೆಳ್ಳಗಾತು. ಈಗ ಬಿಟ್ರ ಉರಿತೈತಿ, ಅದಕ್ಕ ಬಿಡಂಗಿಲ್ಲ.”

ಹತ್ತಿರದಿಂದ ನೋಡಿದೆ. ಕೆನ್ನೆ ಕೆಂಪಗೆ, ತೆಳ್ಳಗೆ. ಸಣ್ಣ ಸಣ್ಣ ರಕ್ತನಾಳ ಕಾಣುತ್ತಿದ್ದವು. ಗಲ್ಲದ ಅಂಚಿಗೆ ಹೊಸ ಕೂದಲು. ಫೋನಿನ ಪರದೆಯಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಹತ್ತು ತಿಂಗಳಲ್ಲಿ ನಾನು ಮೂರು ಸಲ ಊರಿಗೆ ಬಂದಿದ್ದೆ, ಮೂರು ಸಲವೂ ಅದೇ ಗೂಡಿನಿಂದ ಪೇಸ್ಟ್ ತಗೊಂಡಿದ್ದೆ.

ಬಾಗಲಕೋಟೆಯ ಚರ್ಮವೈದ್ಯೆಯೊಬ್ಬರ ಹತ್ತಿರ ಕರಕೊಂಡು ಹೋದೆ. ಅವರು ಟ್ಯೂಬ್ ನೋಡಿ ನಿಟ್ಟುಸಿರು ಬಿಟ್ಟರು, ಸಿಟ್ಟಾಗಲಿಲ್ಲ. ದಿನಕ್ಕೆ ಇಂಥವು ನಾಲ್ಕೈದು ಬರುತ್ತವೆ ಅಂದರು. ವೈದ್ಯರ ಕಣ್ಣಳತೆಯಲ್ಲಿ ಕೆಲವೇ ವಾರ ಹಚ್ಚಬೇಕಾದ ಔಷಧ ಅದು. ಅದರಲ್ಲಿರುವ ಮೊಮೆಟಾಸೋನ್ ಒಂದು ಸ್ಟೀರಾಯ್ಡು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ, ಬಿಟ್ಟರೆ ಇನ್ನೂ ಕೆಂಪಾಗುತ್ತದೆ. ಹಾಗಾಗಿ ಹಚ್ಚಿದವರು ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿದೆ. ಅವ್ವನ ಹತ್ತಿರ ಇದ್ದ ಚೀಟಿ ಅಂದರೆ ಖಾಲಿ ಡಬ್ಬಿ.

ನಾನು ಹೆಮ್ಮೆಯಿಂದ ಜಪಾನಿನ ಟ್ಯೂಬ್ ಮುಂದಿಟ್ಟೆ. ಡಾಕ್ಟರ್ ನೋಡಿ ನಕ್ಕರು. “ಚಲೋ ಐತಿ, ನೀವು ಹಚಗೋರಿ” ಅಂದರು. ಬಂಗಿಗೆ ಯುವಿ ಒಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕುಮ್ಮಕ್ಕು ಕೊಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನು ಬೇಕು. ಅದು ಇಲ್ಲೇ ಸಿಗುತ್ತದೆ. ಮುಖಕ್ಕೆ ಕಾಣದಂತೆ ಮಾಯವಾಗುವುದೇ ಒಳ್ಳೇ ಸನ್‌ಸ್ಕ್ರೀನಿನ ಲಕ್ಷಣ ಅಂತ ನಾನು ಆ ಗೋಡೆಯ ಮುಂದೆ ಮುಕ್ಕಾಲು ತಾಸು ನಿಂತು ಆರಿಸಿದ್ದೆ! ಆಮೇಲೆ ಅವರು ಅವ್ವನನ್ನು ಕೇಳಿದರು: ಹೊಲಕ್ಕ ಎಷ್ಟೊತ್ತಿಗೆ ಹೋಗ್ತೀರಿ, ಏನು ಹಾಕ್ಕೋತೀರಿ? ಅಂಗಿ, ಟವೆಲ್ಲು, ಸೆರಗು ಅಂದಳು. ಅದನ್ನ ಬಿಡಬ್ಯಾಡ್ರಿ, ಅಗಲ ಅಂಚಿನ ಟೊಪಗಿ ಒಂದು ಕೂಡಸ್ರಿ, ಹತ್ತೂವರೆಯೊಳಗ ಮನಿಗಿ ಬರ್ರಿ ಅಂದರು. ಟ್ಯೂಬನ್ನು ಬಿಡಿಸಲು ಬೇರೆ ಔಷಧ ಕೊಟ್ಟರು.

ಬಿಡುವ ಮೊದಲ ತಿಂಗಳು ಸುಲಭ ಇರಲಿಲ್ಲ. ರಾತ್ರಿ ಉರಿಗೆ ನಿದ್ದೆ ಇಲ್ಲದೆ, ಬಚ್ಚಲ ಹಂಡೆಯ ತಣ್ಣೀರಿನಲ್ಲಿ ಅರಿವೆ ಅದ್ದಿ ಮುಖದ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳಂತೆ. ಒಂದು ಸಲ ಫೋನಿನಲ್ಲಿ ಅತ್ತಳು. “ಇದ್ದದ್ದು ಇರಲಿ ಅಂತ ಬಿಟ್ಟಿದ್ರ ಛಲೋ ಇತ್ತು, ನೋಡಿದವರು ಏನಾತು ಅಂತ ಕೇಳ್ತಾರ” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಾ ಏಳು ಗಂಟೆಗೆ ಫೋನ್ ಮಾಡಿ ಸುಮ್ಮನೆ ಮಾತಾಡಿಸುತ್ತಿದ್ದೆ. ಈಗ ಕೆಂಪು ಇಳಿದಿದೆ. ಬಂಗು ಇದೆ. ವಿಡಿಯೋ ಕಾಲ್‌ನಲ್ಲಿ ಸೆರಗು ಇನ್ನೂ ಮುಂದಕ್ಕೇ ಇರುತ್ತದೆ.

ಜಪಾನಿನ ಸಾಮಾನಿನಲ್ಲಿ ಅವಳು ಕೈಬಿಡದೆ ಬಳಸುವುದು 110 ಯೆನ್ನಿನ ಆ ಬ್ರಷ್ಷನ್ನು ಮಾತ್ರ. ಸೀಗೆಕಾಯಿ ಹಚ್ಚಿ ಅದರಲ್ಲಿ ನೆತ್ತಿ ಉಜ್ಜಿಕೊಂಡರೆ ಸವಳು ನೀರಿಗೂ ತಲೆ ಹಗುರ ಆಗುತ್ತದಂತೆ. ಓಣಿಯ ನಾಲ್ಕು ಮಂದಿ ಮುಂದಿನ ಸಲಕ್ಕೆ ಆರ್ಡರ್ ಕೊಟ್ಟಿದ್ದಾರೆ. ಆರರಲ್ಲಿ ಐದು ಸನ್‌ಸ್ಕ್ರೀನು ನನ್ನ ಜೊತೆ ವಾಪಸ್ ಬಂದವು. ಒಂದನ್ನು ಅವ್ವ ಮದುವಿಗೆ ಹೋಗುವಾಗ ಹಚ್ಚಲು ಟ್ರಂಕಿನಲ್ಲಿಟ್ಟಿದ್ದಾಳೆ.

ಕಳೆದ ವಾರ ಮೀಟಿಂಗ್ ಮಧ್ಯೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಅಪ್ಪನ ಮೊಣಕಾಲಿಗೆ ಯಾರೋ ಕೊಟ್ಟ ಟ್ಯೂಬಿನ ಹಿಂಬದಿ, ಅರ್ಧ ಮಸುಕು. ಹಿಂದೆಯೇ ವಾಯ್ಸ್ ಮೆಸೇಜು: “ಇದನ್ನ ಓದಿ ಹೇಳು. ಅಲ್ಲೀತನಕ ಹಚ್ಚಾಕ ಕೊಡಂಗಿಲ್ಲ ಅಂತ ತಗದಿಟ್ಟೇನಿ.”

ಇನ್ನೊಂದು ಫೋಟೋ ಕಳಸು ಬೇ, ಅಕ್ಷರ ಕಾಣವಲ್ವು ಅಂತ ಉತ್ತರ ಕಳಿಸಿದೆ.