ನಮ್ಮಲ್ಲೂ ಒಂದು ಬಣ್ಣದ ದ್ವೀಪ

ಯುರೋಪ್ ಪ್ರವಾಸ ಮುಗಿಸಿ ಬಂದವರು ನಿಮ್ಮ ನೆರೆಹೊರೆಯಲ್ಲಿದ್ದರೆ ಬುರಾನೋ ದ್ವೀಪದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಇಟಲಿಯ ವೆನಿಸ್ ಬಳಿಯ ಪುಟ್ಟ ಊರು. ಒಂದು ಮನೆ ಕೆಂಪು, ಪಕ್ಕದ್ದು ಹಳದಿ, ಅದರಾಚೆಯದು ನೀಲಿ. ಮನೆಯ ಬಣ್ಣ ಬದಲಿಸಬೇಕಾದರೆ ಅಲ್ಲಿಯವರು ಆಡಳಿತದ ಅನುಮತಿ ಪಡೆಯಬೇಕಂತೆ. ನಮ್ಮ ವಾಕಡದ ಹೌಸಿಂಗ್ ಸೊಸೈಟಿಗಳಲ್ಲೂ ಅನುಮತಿ ಬೇಕು. ಆದರೆ ಇಲ್ಲಿ ಮೂರು ಸಭೆ, ಎರಡು ಜಗಳ ಆದ ಮೇಲೆ ಕೊನೆಗೆ ಗೆಲ್ಲುವುದು ಬೂದು ಬಣ್ಣವೇ!

ಬುರಾನೋ ಹೆಸರಾಗಿರುವುದು ಮನೆಗಳ ಬಣ್ಣಕ್ಕೆ ಮಾತ್ರವಲ್ಲ, ಸೂಜಿ-ದಾರದಲ್ಲಿ ಹೆಣೆಯುವ ಲೇಸಿಗೂ ಹೌದು. 19ನೆಯ ಶತಮಾನದಲ್ಲಿ ಆ ಕಲೆ ಹೆಚ್ಚುಕಡಿಮೆ ಸತ್ತೇ ಹೋಗಿತ್ತು. 1872ರಲ್ಲಿ ಲೇಸ್ ಶಾಲೆ ತೆರೆಯಲು ಹೊರಟಾಗ ಹಳೆಯ ಹೆಣಿಗೆ ಬಲ್ಲವಳೆಂದು ಸಿಕ್ಕಿದವಳು ಚೆಂಚಾ ಸ್ಕಾರ್ಪರಿಯೋಲಾ ಎಂಬ ಎಪ್ಪತ್ತು ದಾಟಿದ ಅಜ್ಜಿ. ಅವಳ ಕೈ ನೋಡಿ ಒಬ್ಬಾಕೆ ಕಲಿತಳು, ಆಕೆಯಿಂದ ಊರಿನ ಹುಡುಗಿಯರು ಕಲಿತರು. ಆ ಶಾಲೆ 1970ರಲ್ಲಿ ಮುಚ್ಚಿತು. 1981ರಲ್ಲಿ ಅದೇ ಕಟ್ಟಡದಲ್ಲಿ ಲೇಸ್ ಮ್ಯೂಸಿಯಂ ಆಯಿತು.

ಈ ಅಜ್ಜಿಯ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮದೇ ಒಂದು ದ್ವೀಪ, ಮತ್ತು ಅಲ್ಲಿಯ ಒಬ್ಬ ಚಿತ್ರಗಾರ. ಆ ದ್ವೀಪ ಶ್ರೀರಂಗಪಟ್ಟಣ.

ದ್ವೀಪವೇ ಎಂದು ಹುಬ್ಬೇರಿಸಬೇಡಿ. ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಸುಮಾರು ಐದು ಕಿಲೋಮೀಟರ್ ಉದ್ದದ ನೆಲ, ಅಷ್ಟೇ. ಮೈಸೂರು ನನ್ನ ತವರು, ಅಲ್ಲಿಂದ ಹದಿನೈದು ಕಿಲೋಮೀಟರು. ಶಾಲೆಯ ಪಿಕ್‌ನಿಕ್ಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ಕಿರುಚಾಡಿ ಬಂದ ಜಾಗ. ಪುಣೆಯಿಂದ ಹೋಗುವವರಿಗೆ ಶರಾವತಿ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ತಲುಪಿಸುತ್ತದೆ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಮಾತ್ರ ಎಚ್ಚರವಾಗಿರಬೇಕು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಮೈಸೂರು ಸೇರಿಬಿಟ್ಟಿರುತ್ತೀರಿ.

ಮೊದಲು ರಂಗನಾಥನ ದರ್ಶನ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ. 894ರಲ್ಲಿ ಗಂಗರ ಕಾಲದಲ್ಲಿ ತಿರುಮಲಯ್ಯನೆಂಬುವನು ಗುಡಿ ಕಟ್ಟಿಸಿದ, ಆಮೇಲೆ ಹೊಯ್ಸಳರು, ವಿಜಯನಗರದವರು ಬೆಳೆಸಿದರು. ವಿಷ್ಣುವಿನ 24 ರೂಪಗಳನ್ನು ಕೆತ್ತಿದ ಕಂಬಗಳನ್ನು ಬಿಡದೆ ನೋಡಿ. ಸರದಿಯ ನೂಕುನುಗ್ಗಲಲ್ಲಿ ಅವುಗಳ ಕಡೆ ತಿರುಗಿ ನೋಡುವವರೇ ಕಡಿಮೆ. ದಸರಾ ಉತ್ಸವ ಶುರುವಾದದ್ದೂ ಈ ಊರಿನಲ್ಲೇ, 1610ರಲ್ಲಿ, ರಾಜ ಒಡೆಯರ ಕಾಲದಲ್ಲಿ.

ಇನ್ನು ಬಣ್ಣದ ವಿಷಯಕ್ಕೆ ಬರುತ್ತೇನೆ. ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಹೊರಗಿನಿಂದ ಸಾಧಾರಣ ತೋಟದ ಮನೆಯಂತೆ ಕಾಣುತ್ತದೆ. ಬಿಸಿಲಿಗೆ ಚಿತ್ರಗಳು ಮಾಸದಿರಲೆಂದು ಸುತ್ತಲೂ ತೆರೆ ಇಳಿಬಿಟ್ಟಿರುತ್ತಾರೆ. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ಒಂದು ಗೇಣು ಜಾಗವೂ ಬರಿದಿಲ್ಲ. ಪಶ್ಚಿಮದ ಗೋಡೆಯ ತುಂಬ 1780ರ ಪೊಲ್ಲಿಲೂರು ಯುದ್ಧ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದ ಕದನ. ಕೆಂಪು ಕೋಟಿನ ಸಿಪಾಯಿಗಳು ಒಂದೇ ಅಚ್ಚಿನಲ್ಲಿ ಒತ್ತಿದಂತೆ ಸಾಲಾಗಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಬೈಲಿ ಸಾಹೇಬ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಆನೆಯ ಮೇಲಿನ ಟಿಪ್ಪು ಮಾತ್ರ ಏನೂ ಆಗದವನಂತೆ ಗುಲಾಬಿ ಮೂಸುತ್ತಿದ್ದಾನೆ! ತಡವಾಗಿ ಬಂದ ನಿಜಾಮನ ಸೇನೆಯ ಬಳಿ ಒಂದು ಹಸು, ಒಂದು ಹಂದಿ. ಗೇಲಿ ಮಾಡಿದ್ದೆಂದು ಇದಕ್ಕೆ ಅರ್ಥ ಹೇಳುತ್ತಾರೆ.

ಪುಣೆಯವರಾದ ನಾವು ಪೂರ್ವದ ಗೋಡೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ರಾಜಮಹಾರಾಜರ ಒಡ್ಡೋಲಗಗಳಿವೆ. ತಂಜಾವೂರಿನ ರಾಜ, ಕಾಶಿಯ ರಾಜ, ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಅವರ ಜೊತೆಗೇ ಪೇಶ್ವೆ ಬಾಲಾಜಿ ರಾಯರು! 1792ರಲ್ಲಿ ಕಾರ್ನ್‌ವಾಲಿಸನ ಜೊತೆ ಹರಿಪಂತ ಫಡ್ಕೆಯವರ ಮರಾಠಾ ಸೇನೆ ಇದೇ ದ್ವೀಪದ ಎದುರು ಡೇರೆ ಹಾಕಿತ್ತು. ದಿನಾ ಶನಿವಾರವಾಡೆಯ ಮುಂದೆ ಬಸ್ಸಿನಲ್ಲಿ ಓಡಾಡಿದ ನಮ್ಮವರಿಗೆ ಪೇಶ್ವೆಯನ್ನು ಇಲ್ಲಿ ಕಂಡು ಊರಿನವರು ಸಿಕ್ಕಷ್ಟು ಸಂತೋಷವಾಯಿತು.

ಅಲ್ಲಿದ್ದ ಗೈಡ್, “ಎಲ್ಲಾ ಟಿಪ್ಪು ಬರೆಸಿದ್ದೇ ಅಮ್ಮಾ, ಹಾಗೇ ಇದೆ” ಎಂದ. ಹಾಗೇ ಇಲ್ಲ, ಓದುಗರೇ. 1799ರ ಮುತ್ತಿಗೆಗೆ ಮೊದಲೇ ಈ ಚಿತ್ರಗಳು ಕೆಟ್ಟುಹೋಗಿದ್ದವು. ಟಿಪ್ಪು ಮಡಿದ ಮೇಲೆ ಈ ಮನೆಯಲ್ಲಿ ವಾಸಕ್ಕೆ ಬಂದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಇವನೇ ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಬಿ.ಎ. ಓದುವಾಗ ‘ವ್ಯಾನಿಟಿ ಫೇರ್’ ಕಾದಂಬರಿಯಲ್ಲಿ ವಾಟರ್ಲೂ ಬಂದಿತ್ತು. ಆ ವೀರ ನಮ್ಮ ಕಾವೇರಿಯ ದಡದಲ್ಲಿ ಸಂಸಾರ ಹೂಡಿದ್ದನೆಂದು ಯಾವ ಮೇಷ್ಟರೂ ಹೇಳಲಿಲ್ಲ! ಆಮೇಲೆ ಮತ್ತೆ ಗೋಡೆಗೆ ಸುಣ್ಣ ಬಳಿದರು. 19ನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದು, ಚಿತ್ರಗಳನ್ನು ಪುನಃ ಬರೆಸಲು ಆಜ್ಞೆ ಮಾಡಿದ. ಮೂಲ ಚಿತ್ರಗಳು ನೆನಪಿದ್ದ ದೇಶೀ ಚಿತ್ರಗಾರನೊಬ್ಬ ಅವನ್ನು ಮತ್ತೆ ಬರೆದ.

ಎಂದರೆ ಇಂದು ನಾವು ನೋಡುವುದು ಒಬ್ಬ ಮನುಷ್ಯನ ನೆನಪು. ಪಲ್ಲಕ್ಕಿ, ಗುಲಾಬಿ, ಸಿಡಿದ ಬಂಡಿ ಎಲ್ಲವೂ ಸುಣ್ಣದ ಹಿಂದೆ ಹೋದ ಮೇಲೆ ಅವನ ತಲೆಯಲ್ಲಿ ಉಳಿದಿದ್ದವು. ಹಾಗಾದರೆ ಇದು ಅಸಲಿಯೋ ನಕಲೋ ಎಂದು ನಮ್ಮವರು ವಾದ ತೆಗೆದರು. ಅಜ್ಜಿ ಹಾಕುತ್ತಿದ್ದ ರಂಗೋಲಿಯನ್ನು ಚುಕ್ಕಿ ಎಣಿಸಿ ನಾನು ದಿನಾ ಬಾಗಿಲಲ್ಲಿ ಹಾಕುತ್ತೇನೆ, ಅದು ನಕಲೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಬುರಾನೋದ ಅಜ್ಜಿಗೆ ಹೆಸರಿದೆ. ವೆಲ್ಲೆಸ್ಲಿ, ಡಾಲ್‌ಹೌಸಿ ಎಲ್ಲರಿಗೂ ಹೆಸರಿದೆ. ಕುಂಚ ಹಿಡಿದವನು ಮಾತ್ರ ‘ದೇಶೀ ಚಿತ್ರಗಾರ’. ಅದೇ ಪೊಲ್ಲಿಲೂರು ಚಿತ್ರದ ಹಳೆಯ ಪ್ರತಿಯೊಂದು, ಹತ್ತು ಹಾಳೆಗಳ ಮೇಲೆ ಬರೆದದ್ದು, 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು.

ಅಲ್ಲಿಂದ ಗಂಜಾಂ ಕಡೆಗೆ ಹೋದರೆ ಗುಂಬಜ್. ಹೈದರ್, ಟಿಪ್ಪು ಇಬ್ಬರ ಸಮಾಧಿ. ಹೊರಗೆ 36 ಕರಿಕಲ್ಲಿನ ಕಂಬ, ಒಳಗೋಡೆಗೆ ಹುಲಿಯ ಪಟ್ಟೆಗಳ ಬಣ್ಣ. ದಂತದ ಕೆತ್ತನೆಯ ಬಾಗಿಲು ಡಾಲ್‌ಹೌಸಿ ಕೊಟ್ಟದ್ದು. ಸೆರೆಯಲ್ಲಿ ಸತ್ತ ಬೈಲಿಯ ಸ್ಮಾರಕವೂ ಹತ್ತಿರದಲ್ಲೇ ಇದೆ. ಗಂಜಾಂ ಅಂಜೂರಕ್ಕೂ ಹೆಸರುವಾಸಿ. ನಮ್ಮ ಪುರಂದರದ ಅಂಜೂರ ಹೆಚ್ಚೋ ಇದು ಹೆಚ್ಚೋ, ನೀವೇ ತಿಂದು ತೀರ್ಮಾನಿಸಿ.

ಹಳೆಯ ಬಣ್ಣಗಾರರ ಕೈ ಈಗ ಎಲ್ಲಿದೆ ಎಂದು ಕೇಳುವವರು ಗಂಜೀಫಾ ಎಲೆಗಳನ್ನು ನೋಡಬೇಕು. ಅಂಗೈಯಗಲದ, ದುಂಡನೆಯ ಇಸ್ಪೀಟು ಎಲೆಗಳು. ಒಂದೊಂದರಲ್ಲೂ ಒಂದು ದೇವರು, ಒಂದು ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟ ಎಷ್ಟು ಪ್ರಿಯವಾಗಿತ್ತೆಂದರೆ ‘ಶ್ರೀತತ್ತ್ವನಿಧಿ’ಯಲ್ಲಿ ಇದಕ್ಕೇ ಜಾಗ ಕೊಟ್ಟಿದ್ದಾರೆ. ಮರೆತೇ ಹೋಗಿದ್ದ ಮೈಸೂರು ಗಂಜೀಫಾಕ್ಕೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರು ಶ್ರೀರಂಗಪಟ್ಟಣದ ರಘುಪತಿ ಭಟ್ಟರು. ಅವರ ಹೆಸರಿನ ಹಿಂದೆ ಜನ ‘ಗಂಜೀಫಾ’ ಎಂದೇ ಸೇರಿಸಿ ಕರೆಯುತ್ತಾರೆ. ಈ ಸಲವಾದರೂ ಹೆಸರು ಉಳಿಯಿತು!

ಅಷ್ಟು ದೂರ ಸದ್ಯಕ್ಕೆ ಆಗದು ಎನ್ನುವವರಿಗೆ ಮಹಾರಾಷ್ಟ್ರದಲ್ಲೇ ಸಾವಂತವಾಡಿ ಇದೆ. ಅಲ್ಲಿಯ ಅರಮನೆಯಲ್ಲಿ ಕಲಾವಿದರು ಕುಳಿತು ಗಂಜೀಫಾ ಎಲೆ ಬರೆಯುವುದನ್ನು ಎದುರಿಗೇ ನೋಡಬಹುದು. ದಶಾವತಾರದ ಒಂದು ಕಟ್ಟಿನಲ್ಲಿ 120 ಎಲೆ. ಮೊಮ್ಮಕ್ಕಳ ರಜೆಗೆ ನಾವು ಹೊರಟಿರುವುದೂ ಅಲ್ಲಿಗೇ.