ಒಳಗೆ ಯಾರಿದ್ದಾರೆ?

ಬೀಗಗಳಲ್ಲಿ ಎರಡು ಜಾತಿ. ಊರಿಗೆ ಹೋಗುವಾಗ ತಲೆಬಾಗಿಲಿಗೆ ಹಾಕುವ ಬೀಗ ಕಳ್ಳನಿಗಾಗಿ. ಬಚ್ಚಲುಮನೆಯ ಚಿಲಕವಾದರೋ ಕಳ್ಳನಿಗಲ್ಲ. “ಒಳಗೆ ಒಬ್ಬರಿದ್ದಾರೆ, ಸ್ವಲ್ಪ ತಡೆಯಿರಿ” ಎಂದು ಮನೆಯವರಿಗೇ ಹೇಳುವ ಮಾತು ಅದು. ಈ ಎರಡನೆಯ ಜಾತಿಯ ಬೀಗ ಕಂಪ್ಯೂಟರಿನಲ್ಲಿಯೂ ಉಂಟು. ಅದನ್ನು ಒಡೆಯಲು ಹೊರಟವರೇ ಹೆಚ್ಚು. ಚಿಲಕ ತಟ್ಟಿ ಕೇಳಿದವರು ಕಡಿಮೆ.

ನಮ್ಮ ಮನೆಯಲ್ಲಿ ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಅದರಲ್ಲಿರುವುದು ಲಿನಕ್ಸ್ ವಂಶದ ಉಬುಂಟು. 1993ರಲ್ಲಿ ಹುಟ್ಟಿದ ಡೆಬಿಯನ್‌ನ ಸಂತಾನವಾಗಿ 2004ರಲ್ಲಿ ಹೊರಬಂದ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಗುಮಾಸ್ತನ ಸಂಬಳಕ್ಕೆ ಹೇಳಿ ಮಾಡಿಸಿದಂಥದು.

ಮಗಳಿಗೆ ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು. ಕನ್ನಡಕ್ಕೆ ಮನೆಯೇ ಶಾಲೆ. ಗದಗಿನಲ್ಲಿರುವ ನನ್ನ ತಾಯಿಯವರಿಗೆ ಈಚೆಗೆ ಕಣ್ಣು ಮಂಜಾಗಿದೆ. ದಪ್ಪಕ್ಷರದಲ್ಲಿ ಅಚ್ಚಾದದ್ದನ್ನು ಮಾತ್ರ ಓದಬಲ್ಲರು. ಮೊಮ್ಮಗಳ ಪತ್ರವನ್ನು ಪಕ್ಕದ ಮನೆಯವರ ಬಾಯಿಂದ ಕೇಳುವುದು ಅವರಿಗೆ ಒಗ್ಗದು. ಆದ್ದರಿಂದ ಮಗಳು ಕನ್ನಡದಲ್ಲಿ ಬೆರಳಚ್ಚು ಮಾಡಲೆಂದು ಅದಕ್ಕೆ ಬೇಕಾದ ತಂತ್ರಾಂಶವನ್ನು ಒಂದು ಭಾನುವಾರ ಹಾಕಲು ಹೊರಟೆವು. ಬೀಗ ದೊರೆಯಲಿಲ್ಲವೆಂದು ಯಂತ್ರ ಉತ್ತರ ಕೊಟ್ಟಿತು.

ಕೂಕಟ್‌ಪಲ್ಲಿಯ ಹಾಸ್ಟೆಲಿನಿಂದ ಊಟಕ್ಕೆ ಬಂದಿದ್ದ, ಇಂಜಿನಿಯರಿಂಗ್ ಓದುತ್ತಿರುವ ನನ್ನಾಕೆಯ ಅಣ್ಣನ ಮಗ ಮುಂದೆ ಬಂದ. “ಮಾಮಾ, ಆ ಲಾಕ್ ಫೈಲ್ ಅಳಿಸಿಬಿಡೋಣ್ರಿ. ಎಲ್ಲಾರೂ ಹಂಗ ಮಾಡ್ತಾರ.”

“ತಡಿಯೋ, ಮೊದಲ ಒಳಗ ಯಾರ ಅದಾರ ನೋಡೋಣ” ಎಂದೆ.

ಕಚೇರಿಯಲ್ಲಿ ದಾಸ್ತಾನು ಪುಸ್ತಕ ಒಬ್ಬರ ಮೇಜಿನ ಮೇಲಿರುವಾಗ ಇನ್ನೊಬ್ಬರು ಕಸಿದು ಬರೆಯುವಂತಿಲ್ಲ. ಕಂಪ್ಯೂಟರಿಗೂ ಅಂಥದೊಂದು ಪುಸ್ತಕವಿದೆ. ಯಾವ ತಂತ್ರಾಂಶ ಬಂದಿದೆ, ಯಾವುದು ಅರ್ಧ ಕೂತಿದೆ ಎಂಬ ಲೆಕ್ಕವನ್ನು ಡಿಪಿಕೆಜಿ ಎಂಬ ಉಗ್ರಾಣಿಕ ಬರೆದಿಡುತ್ತಾನೆ. ಇಬ್ಬರು ಒಟ್ಟಿಗೆ ಬರೆದರೆ ಲೆಕ್ಕ ಕಲಸಿ, ಮುಂದೆ ಏನನ್ನೂ ಹಾಕಲಾಗದ ಸ್ಥಿತಿ ಬಂದೀತು.

ಉತ್ತರವನ್ನು ಪೂರ್ತಿ ಓದಿದರೆ ಬೀಗ ಹಿಡಿದವನ ಸಂಖ್ಯೆ, ಹೆಸರು ಎರಡೂ ಅಲ್ಲಿಯೇ ಇದ್ದವು: ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಯಂತ್ರದ ರಕ್ಷಣೆಗೆ ಬೇಕಾದ ತಿದ್ದುಪಡಿಗಳನ್ನು ಯಾರೂ ಹೇಳದೆಯೇ ದಿನವೂ ತಂದು ಕೂರಿಸುವ ಸೇವಕ ಇವನು. ನಮ್ಮ ಯಂತ್ರ ಭಾನುವಾರ ಮಾತ್ರ ಕಣ್ಣು ತೆರೆಯುವುದರಿಂದ ವಾರದ ಬಾಕಿಯನ್ನೆಲ್ಲ ಆಗಲೇ ತೀರಿಸುತ್ತಿದ್ದ!

ಹುಡುಗ ಅಳಿಸಬೇಕೆಂದ ಫೈಲು ಚಿಲಕವಲ್ಲ, ಬಾಗಿಲು. ಚಿಲಕ ಹಾಕಿ ತೆಗೆಯುವುದು ಲಿನಕ್ಸಿನ ತಿರುಳಾದ ಕರ್ನಲ್. ಹಿಡಿದವನ ಕೆಲಸ ಮುಗಿಯಲಿ, ಅವನು ನಡುವೆಯೇ ಸಾಯಲಿ, ಚಿಲಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಾಗಿಲು ಮಾತ್ರ ಎಂದಿನಂತೆ ಅಲ್ಲಿಯೇ ಇರುತ್ತದೆ. ಅದನ್ನು ಕಿತ್ತರೆ ಎರಡನೆಯವನು ಬೇರೊಂದು ಬಾಗಿಲು ನಿಲ್ಲಿಸಿ ಒಳನುಗ್ಗುತ್ತಾನೆ, ಮೊದಲನೆಯವನು ಒಳಗಿರುವಾಗಲೇ.

ಬಾಲಾನಗರದವರಿಗೆ ಇದು ಹೊಸ ಪಾಠವೇನಲ್ಲ. 1965ರಲ್ಲಿ ಎಚ್‌ಎಎಲ್‌ನ ವಿಭಾಗ, 1968ರಲ್ಲಿ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ಬಂದು ನೆಲೆಸಿದ ಕಾರ್ಖಾನೆಗಳ ಬಡಾವಣೆ ಇದು. ಯಂತ್ರದೊಳಕ್ಕೆ ಕೈಹಾಕಿ ರಿಪೇರಿ ಮಾಡುವವನು ಮೇನ್ ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಹೆಸರಿನ ಚೀಟಿ ತೂಗಬಿಡುವುದು ಕಾರ್ಖಾನೆಗಳ ಸುರಕ್ಷೆಯ ಪದ್ಧತಿ. ಅವಸರದವರು ಆ ಬೀಗ ಒಡೆದರೆ ಹೋಗುವುದು ಒಳಗಿರುವವನ ಕೈ. ಇಷ್ಟು ಹೇಳಿದ ಮೇಲೆ ಹುಡುಗನೂ ಸುಮ್ಮನೆ ಕುಳಿತ.

ಕಾಫಿ ಕುಡಿಯುತ್ತಿರುವಾಗ ಕರೆಂಟು ಹೋಯಿತು; ಬ್ಯಾಟರಿಯಿಲ್ಲದ ಯಂತ್ರವೂ ಒಡನೆಯೇ ಆರಿತು. ಮತ್ತೆ ಹಚ್ಚಿದಾಗ ಬೀಗದ ಮಾತಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ, ಮೊದಲು ಅದನ್ನು ಮುಗಿಸಿರಿ ಎಂಬ ಸೂಚನೆ. ಅದಕ್ಕೆ ಬೇಕಾದ ಡಿಪಿಕೆಜಿಯ ‘ಕಾನ್ಫಿಗರ್’ ಆಜ್ಞೆಯನ್ನು ಯಂತ್ರವೇ ಅಕ್ಷರಶಃ ಬರೆದು ತೋರಿಸಿತ್ತು. ಹಾಗೆಯೇ ಬೆರಳಚ್ಚು ಮಾಡಿದೆವು. ಅರ್ಧ ಕೂತಿದ್ದವೆಲ್ಲ ಒಂದೊಂದಾಗಿ ಪೂರ್ತಿ ಕೂತವು. ಒಳಗಿರುವವನು ಗಂಟೆಗಟ್ಟಲೆ ಅಲುಗಾಡದೆ ನಿಂತರೂ ಇದೇ ದಾರಿ: ಅವನ ಸಂಖ್ಯೆ ಹಿಡಿದು ಅವನನ್ನು ನಿಲ್ಲಿಸಿ, ಅನಂತರ ಈ ಆಜ್ಞೆ ಕೊಡಬೇಕು. ಫೈಲು ಅಳಿಸುವ ಪ್ರಸಂಗವೇ ಬಾರದು.

ಆಮೇಲೆ ಕನ್ನಡದ ತಂತ್ರಾಂಶ ತಕರಾರಿಲ್ಲದೆ ಬಂದು ಕೂತಿತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ಕೀಲಿಮಣೆಯೂ ಅದರಲ್ಲಿದೆ. ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತದೆಂದು ಮಗಳಿಗೆ ತೋರಿಸಿಕೊಟ್ಟೆ. ಎ, ಜೆ, ಎಫ್, ಜೆ, ಐ ಎಂದು ಒಂದೊಂದೇ ಬೆರಳಿನಿಂದ ಒತ್ತಿದಳು. ಪರದೆಯ ಮೇಲೆ ‘ಅಜ್ಜಿ’ ಮೂಡಿತು. ಅಕ್ಷರವನ್ನು ಇನ್ನೂ ದಪ್ಪ ಮಾಡಬೇಕೆಂದು ಅವಳೇ ಹೇಳಿದಳು. ಸೋಮವಾರ ಕಚೇರಿಗೆ ಹೋಗುವ ದಾರಿಯಲ್ಲಿ ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿದೆ.