ಗುಬ್ಬಿಯಂಥ ಕಾರಿನಲ್ಲಿ ಗುಬ್ಬಿ, ಕುಣಿಗಲ್

ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಸಾಕು, ಮಾತು ಕಾರಿಗೆ ಬಂದು ನಿಲ್ಲುತ್ತೆ. ಯಾವ ಎಸ್‌ಯುವಿ ಬುಕ್ ಮಾಡಿದೆ, ಸನ್‌ರೂಫ್ ಇದೆಯಾ, ಇಎಂಐ ಎಷ್ಟು ಬೀಳುತ್ತೆ? ನನ್ನ ಸರದಿ ಬಂದಾಗ "ಆಲ್ಟೊ, 2010ರ ಮಾಡೆಲ್" ಅಂತೀನಿ. ಒಂದು ಕ್ಷಣ ಎಲ್ಲರೂ ಸುಮ್ಮನಾಗ್ತಾರೆ. ಆಮೇಲೆ ಯಾರಾದರೂ ಒಬ್ಬರು "ಪರ್ವಾಗಿಲ್ಲ ಬಿಡೋ, ಮುಂದೆ ತಗೊಂಡ್ರಾಯ್ತು" ಅಂತ ಸಮಾಧಾನ ಹೇಳ್ತಾರೆ.

ನನಗೆ ಆ ಸಮಾಧಾನ ಬೇಕಾಗಿಲ್ಲ. ಚಿಕ್ಕ ಕಾರು ಓಡಿಸೋದರಲ್ಲಿ ಅದರದೇ ಆದ ಖುಷಿ ಇದೆ. ಅದು ಏನು ಅಂತ ತಿಳಿಯೋಕೆ ನಮ್ಮ ತುಮಕೂರು ಜಿಲ್ಲೆಯ ರಸ್ತೆಗಳಿಗಿಂತ ಒಳ್ಳೆ ಜಾಗ ಇಲ್ಲ.

ಕಾರು ಅಪ್ಪನದು. ಅವರು ಮೇಷ್ಟ್ರಾಗಿದ್ದಾಗ ಕೊಂಡಿದ್ದು. ಈಗ ಅದಕ್ಕೆ ಹದಿನೈದು ವರ್ಷ ತುಂಬಿದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತೆ. ಮುಂದೆಯೂ ಓಡಿಸಬೇಕಂದ್ರೆ ಆರ್‌ಟಿಓಗೆ ತೋರಿಸಿ, ಗಾಡಿ ಫಿಟ್ ಆಗಿದೆ ಅನ್ನಿಸಿಕೊಂಡು, ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಮಾಡಿಸೋದಾ, ಮಾರೋದಾ? "ಹೆಣ್ಣಿನ ಕಡೆಯವರು ಬಂದಾಗ ಬಾಗಿಲಲ್ಲಿ ಒಂದು ಒಳ್ಳೆ ಕಾರು ಇರ್ಬೇಕು ಕಣೋ" ಅನ್ನೋದು ಅಮ್ಮನ ವಾದ. ಅಪ್ಪ ಏನೂ ಹೇಳಲಿಲ್ಲ, ಬಕೆಟ್ ತಗೊಂಡು ಕಾರು ತೊಳೆಯೋಕೆ ಹೋದರು. ತೀರ್ಮಾನಕ್ಕೆ ಮೊದಲು ಒಂದು ಸುತ್ತು ಹೋಗಿ ಬರೋಣ ಅಂತ ಜನವರಿಯ ಒಂದು ಭಾನುವಾರ ಇಬ್ಬರೂ ಹೊರಟೆವು. ತುಮಕೂರಿಂದ ಗುಬ್ಬಿ, ಅಲ್ಲಿಂದ ಒಳದಾರಿಯಲ್ಲಿ ಹೆಬ್ಬೂರು, ಆಮೇಲೆ ಕುಣಿಗಲ್, ವಾಪಸ್ ಮನೆ. ಎಲ್ಲಾ ಸೇರಿ ನೂರು ಕಿಲೋಮೀಟರ್ ಮೇಲೆ ಸ್ವಲ್ಪ.

ಮೊದಲ ಪರೀಕ್ಷೆ ಮಂಡಿಪೇಟೆಯಲ್ಲೇ. ಎರಡೂ ಕಡೆ ಮೂಟೆ ಇಳಿಸೋ ಲಾರಿ, ನಡುವೆ ಕೈಗಾಡಿ, ಆಟೋ, ನಡೆದು ಹೋಗೋ ಜನ. ಆಲ್ಟೊ ಉದ್ದ ಮೂರೂವರೆ ಮೀಟರ್, ಅಗಲ ಒಂದೂವರೆ ಮೀಟರ್‌ಗೂ ತುಸು ಕಡಿಮೆ. ಈಗಿನ ಕಾಂಪ್ಯಾಕ್ಟ್ ಎಸ್‌ಯುವಿಗಳು ಸುಮಾರು 1.8 ಮೀಟರ್ ಅಗಲ ಇರ್ತವೆ. ಒಂದಡಿ ವ್ಯತ್ಯಾಸ, ಅಷ್ಟೇ. ಆದರೆ ಮಂಡಿಪೇಟೆಯಲ್ಲಿ ಆ ಒಂದಡಿ ಅಂದ್ರೆ ಹೋಗ್ತಾ ಇರೋದಕ್ಕೂ ನಿಂತು ಹಾರನ್ ಹೊಡೆಯೋದಕ್ಕೂ ಇರೋ ವ್ಯತ್ಯಾಸ.

ಈ ಅಳತೆಯ ಹಿಂದೆ ಒಂದು ಕಥೆ ಇದೆ. ಜಪಾನಿನಲ್ಲಿ 'ಕೇ' ಕಾರು ಅಂತ ಒಂದು ವರ್ಗ ಇದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ದಾಟಬಾರದು ಅಂತ ಇವತ್ತಿನ ಕಾನೂನು. ಇಕ್ಕಟ್ಟಾದ ಬೀದಿಗಳ ದೇಶ ತನಗೆ ಎಂಥ ಕಾರು ಬೇಕು ಅಂತ ಅಳೆದು ಮಾಡಿಕೊಂಡಿದ್ದು ಅದು. ಅದೇ ಮನೆತನದ ಸುಜುಕಿ ಕಾರೊಂದು 796 ಸಿಸಿ ಎಂಜಿನ್ ಹಾಕಿಕೊಂಡು ನಮ್ಮಲ್ಲಿ ಮಾರುತಿ 800 ಆಯ್ತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಗಿರಾಕಿಗೆ ಕೀ ಕೊಟ್ಟರು. ಮೂವತ್ತು ವರ್ಷ ಓಡಿ 2014ರಲ್ಲಿ ಅದರ ಉತ್ಪಾದನೆ ನಿಂತಿತು. 2000ದಲ್ಲಿ ಬಂದ ಆಲ್ಟೊ ಅದರ ತಂಗಿ ಇದ್ದ ಹಾಗೆ.

ಗುಬ್ಬಿಗೆ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್. ಇಷ್ಟು ಚಿಕ್ಕ ಊರಿಂದಲೇ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರೂರು ಸುತ್ತಿ ಇಡೀ ನಾಡಿಗೆ ಗುಬ್ಬಿಯ ಹೆಸರು ಮುಟ್ಟಿಸಿತು. ಹೋಟೆಲ್‌ನಲ್ಲಿ ಇಡ್ಲಿ ತಿನ್ನುವಾಗ ಅಪ್ಪ ಅದನ್ನು ನೆನಪಿಸಿ, "ಗಾತ್ರ ನೋಡಿ ಯಾರನ್ನೂ ಅಳೀಬಾರ್ದಪ್ಪ" ಅಂದರು. ಊರಿನ ಬಗ್ಗೆ ಹೇಳಿದ್ರೋ, ಹೊರಗೆ ನಿಂತಿದ್ದ ಕಾರಿನ ಬಗ್ಗೆ ಹೇಳಿದ್ರೋ ಗೊತ್ತಾಗಲಿಲ್ಲ.

ನಿಜವಾದ ಮಜಾ ಗುಬ್ಬಿಯಿಂದ ಆಚೆ, ಹೆಬ್ಬೂರಿನ ಕಡೆ ಒಳದಾರಿ ಹಿಡಿದ ಮೇಲೆ. ಅಡಿಕೆ, ತೆಂಗಿನ ತೋಟ, ಮಧ್ಯೆ ರಾಗಿ ಕೊಯ್ದ ಹೊಲ, ಒಂದೇ ಗಾಡಿ ಹಿಡಿಸೋ ಡಾಂಬರು. ಎದುರಿಗೆ ಕೆಂಪು ಬಸ್ಸು ಬಂತು. ಎಡಕ್ಕೆ ಎರಡು ಚಕ್ರ ಮಣ್ಣಿಗಿಳಿಸಿದ್ದೇ ಸಾಕಾಯ್ತು, ಬಸ್ಸು ನಿಲ್ಲಲೇ ಇಲ್ಲ. ಡ್ರೈವರಣ್ಣ ಕೈ ಎತ್ತಿ ಹೋದರು. ಒಂದು ಕಡೆ ರಸ್ತೆ ತುಂಬ ಹುರುಳಿ ಒಕ್ಕಣೆಗೆ ಹರಡಿದ್ರು. ಒಣಗಿದ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡರೆ ಬೆಂಕಿ ಹತ್ತೋ ಅಪಾಯ ಇದೆ, ಹಾಗಾಗಿ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲೇ ನುಸುಳಿಸಿದೆ. ಅಲ್ಲಿದ್ದ ಅಜ್ಜಿ, "ಹೆಬ್ಬೂರ್‌ಗಂಟ ಬಿಡ್ತೀಯೇನಪ್ಪ?" ಅಂತ ಕೇಳಿ ಹಿಂದೆ ಕೂತರು. "ದೊಡ್ ಕಾರಿಗೆ ಕೈ ಒಡ್ಡಕ್ಕೆ ಭಯ ಆಗ್ತದೆ ಕಣಪ್ಪ" ಅಂದರು. ಯಾವ ಬ್ರೋಷರ್‌ನಲ್ಲೂ ಈ ಫೀಚರ್ ಬರೆದಿರಲ್ಲ.

ಓಡಿಸೋ ಖುಷಿ ಎಲ್ಲಿಂದ ಬರುತ್ತೆ? ಮೂರು ಸಿಲಿಂಡರ್, ಹೆಚ್ಚುಕಡಿಮೆ 47 ಹಾರ್ಸ್‌ಪವರ್, ಕಾರಿನ ತೂಕ ಮುಕ್ಕಾಲು ಟನ್ನೂ ಇಲ್ಲ. ಏರು ಬಂದ್ರೆ ಮೂರನೇ ಗೇರ್‌ಗೆ ಇಳಿಸಬೇಕು, ಓವರ್‌ಟೇಕ್‌ಗೆ ಮೊದಲೇ ಲೆಕ್ಕ ಹಾಕಬೇಕು, ತೀರಾ ಕಷ್ಟ ಆದ್ರೆ ಎಸಿ ಆಫ್ ಮಾಡಬೇಕು. ರಸ್ತೆಯ ಪ್ರತಿ ಉಬ್ಬು ಸ್ಟೀರಿಂಗ್ ಮೂಲಕ ಕೈಗೆ ಗೊತ್ತಾಗುತ್ತೆ. ಐವತ್ತರ ವೇಗದಲ್ಲೂ ನಾವು ಏನೋ ಮಾಡ್ತಾ ಇದ್ದೀವಿ ಅನ್ನಿಸುತ್ತೆ. 120 ಹಾರ್ಸ್‌ಪವರ್ ಕಾರಿನಲ್ಲಿ ಆಫೀಸಿಗೆ ಹೋಗೋದು, ಸಣ್ಣ ವೆಬ್‌ಸೈಟ್ ಒಂದಕ್ಕೆ ಹತ್ತು ಸರ್ವರ್ ಬಾಡಿಗೆಗೆ ಹಿಡಿದ ಹಾಗೆ. ಬಿಲ್ ಬರುತ್ತೆ, ಕೆಲಸ ಇರಲ್ಲ.

ಕುಣಿಗಲ್‌ನ ಕುದುರೆ ಫಾರಂ ಹತ್ತಿರ ಬಂದಾಗ ಇದೇ ಯೋಚನೆ. ಟಿಪ್ಪು ಕಾಲದಲ್ಲಿ ದಂಡಿನ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯ್ತು. ಕುದುರೆ ಸಾಕಿದವರಿಗೆ ಗೊತ್ತಿರುತ್ತೆ, ಕೆಲಸ ಇಲ್ಲದೆ ಕಟ್ಟಿಹಾಕಿದ ಕುದುರೆಗೂ ಹುಲ್ಲು, ಹುರುಳಿ ಹಾಕಲೇಬೇಕು. ನಮ್ಮ ಬಾನೆಟ್ ಕೆಳಗಿನ 47ರಲ್ಲಿ ಒಂದೂ ಸುಮ್ಮನೆ ಕೂರಲ್ಲ. ಜಾನಪದದಲ್ಲಿ ಹೆಸರಾದ ಕುಣಿಗಲ್ ಕೆರೆಯ ಏರಿ ಮೇಲೆ ಸ್ವಲ್ಪ ಹೊತ್ತು ನಿಂತು, ನಾಗವಲ್ಲಿ, ಗೂಳೂರು ದಾರಿಯಲ್ಲಿ ಮನೆಗೆ ಬಂದೆವು. ಕುಡಿದಿದ್ದು ಆರು ಲೀಟರ್ ಪೆಟ್ರೋಲ್.

ಇನ್ನು ಲೆಕ್ಕ. ಹತ್ತು ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ ಅಂದ್ರೆ ತಿಂಗಳಿಗೆ ಸುಮಾರು 16,100 ರೂಪಾಯಿ ಕಂತು. ಮುಗಿಯೋ ಹೊತ್ತಿಗೆ ಕಟ್ಟಿದ್ದು ಹದಿಮೂರೂವರೆ ಲಕ್ಷ. ಏಳು ವರ್ಷ ಅಂದ್ರೆ ನಾನು ಮೂವತ್ತೇಳಾಗೋವರೆಗೆ. ಲೇಆಫ್ ಸುದ್ದಿ ಬಂದಾಗಲೆಲ್ಲ ಎದೆ ಹೊಡ್ಕೊಳ್ಳೋಕೆ ಈ ಕಂತೇ ಒಂದು ಕಾರಣ ಆಗುತ್ತೆ. ಬೇಜಾರಾದ ಕೆಲಸ ಬಿಡೋ ಧೈರ್ಯ, ಊರಲ್ಲೇ ಇದ್ದು ಏನಾದ್ರೂ ಮಾಡೋ ಕನಸು, ಎಲ್ಲಾ ಅದರ ಹತ್ತಿರ ಅಡ ಇಟ್ಟ ಹಾಗೆ.

ಚಿಕ್ಕ ಕಾರಿನ ಕೊರತೆಯನ್ನೂ ಮುಚ್ಚಿಡಬಾರದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಅನ್ನು ಗುದ್ದಿಸಿ ನೋಡಿದಾಗ ಸಿಕ್ಕಿದ್ದು ಸೊನ್ನೆ ಸ್ಟಾರ್. ನಮ್ಮದು ಅದಕ್ಕಿಂತ ಹಳೇದು. ಹಾಗಾಗಿ ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ನೂರಕ್ಕೆ ಏರಿಸೋಕೆ ಇದು ಸರಿಯಾದ ಗಾಡಿಯಲ್ಲ. ಬೆಂಗಳೂರಿಗೆ ನಾನು ರೈಲಿನಲ್ಲೇ ಹೋಗೋದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದು ದಿನಾ ಹೆದ್ದಾರಿ ಹಿಡಿಯೋರು ಏರ್‌ಬ್ಯಾಗ್ ಇರೋ, ಒಳ್ಳೆ ಸ್ಟಾರ್ ಪಡೆದ ಕಾರನ್ನೇ ತಗೊಳ್ಳಿ. ಚಿಕ್ಕದರಲ್ಲೂ ಅಂಥವು ಈಗ ಸಿಗ್ತವೆ.

ನಮ್ಮ ಆರ್‌ಸಿ ರಿನ್ಯೂ ಆಯ್ತು. ಟೈರು ನಾಲ್ಕೂ ಹೊಸದು, ಬ್ರೇಕ್ ಕೆಲಸವೂ ಆಗಿದೆ. ಹೆಣ್ಣಿನ ಕಡೆಯವರು ಕೇಳಿದ್ರೆ "ಸಾಲ ಇಲ್ಲ ಅಂತ ಹೇಳೋಣ ಬಿಡು" ಅಂತ ಅಮ್ಮನೂ ಒಪ್ಪಿದ್ದಾರೆ.

ನಿಮ್ಮ ಮನೆ ಮುಂದೆಯೂ ಇಂಥದ್ದೊಂದು ಧೂಳು ಹಿಡಿದು ನಿಂತಿದ್ದರೆ ಗಾಳಿ, ನೀರು, ಆಯಿಲ್ ನೋಡಿ, ಬೆಳಗ್ಗೆ ಆರೂವರೆಗೆಲ್ಲ ಹೊರಡಿ. ಗುಬ್ಬಿ ದಾಟಿದ ಮೇಲೆ ಮ್ಯಾಪ್ ಬೇಡ, ತೋಟದಲ್ಲಿರೋರನ್ನು ಕೇಳಿಕೊಂಡೇ ಹೋಗಿ. ಹಿಂದಿನ ಸೀಟು ಮಾತ್ರ ಖಾಲಿ ಇಟ್ಟಿರಿ, ದಾರಿಯಲ್ಲಿ ಯಾರಾದರೂ ಕೈ ಒಡ್ಡಬಹುದು.